ಮೊದಲೇ ಸಾರಿಸಿದ್ದೆವಲ್ಲ

ಟೀವಿಯಲ್ಲಿ ಯಾವ ದೇಶದ್ದೇ ಆಗಲಿ, ಸೈನ್ಯದ ವಕ್ತಾರನೊಬ್ಬ ಬಂದು ‘ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ’ ಎಂದು ಮಾತು ಶುರು ಮಾಡಿದರೆ ಸಾಕು, ನಮ್ಮ ಮೇಷ್ಟ್ರು ಕೈಯಲ್ಲಿದ್ದ ಬೋಂಡಾವನ್ನು ತಟ್ಟೆಗೆ ಹಾಕಿಬಿಡುತ್ತಿದ್ದರು. ಗೌರಿಬಿದನೂರಿನ ಕೋರ್ಟಿನ ಹತ್ತಿರದ ಹೋಟೆಲಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ.

“ಯಾಕೆ ಸಾರ್, ಬೋಂಡಾ ಹಳಸೈತಾ?” ಅಂತ ಸಪ್ಲೈಯರ್ ಕೇಳುತ್ತಿದ್ದ.

“ಬೋಂಡಾ ಚೆನ್ನಾಗೇ ಇದೆ ಕಣಪ್ಪ. ಎಲ್ಲೋ ಒಂದು ಮನೆ ಬೀಳೋದಿದೆ.”

ಪಕ್ಕದ ಟೇಬಲ್ಲಿನವರು ನಗುತ್ತಿದ್ದರು. ಕೆಲವು ದಿನ ಕಳೆದು ಅದೇ ಟೀವಿಯಲ್ಲಿ ಕಾಂಕ್ರೀಟಿನ ರಾಶಿ, ಅದರ ಮೇಲೆ ಓಡಾಡುವ ಜನ ಕಾಣಿಸುತ್ತಿದ್ದರು. ಆಗ ಯಾರೂ ಮೇಷ್ಟ್ರ ಕಡೆ ನೋಡುತ್ತಿರಲಿಲ್ಲ. ಬಿಲ್ಲು ಕೊಟ್ಟು ಎದ್ದು ಹೋಗುತ್ತಿದ್ದರು.

ಅವರು ತೀರಿಕೊಂಡಾಗ ವಕೀಲರ ಸಂಘದಲ್ಲಿ ಎದ್ದು ನಿಂತು ಮೌನ ಆಚರಿಸಿದೆವು. ಮಾತಾಡಿದವರೆಲ್ಲ ‘ಸರಳ ಜೀವಿ, ಅಜಾತಶತ್ರು’ ಅಂದರು. ಎರಡೂ ಸುಳ್ಳು. ಇಸ್ತ್ರಿ ಸರಿಯಾಗಿಲ್ಲ ಅಂತ ಅಂಗಿಯನ್ನು ವಾಪಸು ಕಳಿಸುತ್ತಿದ್ದ ಮನುಷ್ಯ ಅವರು. ಶತ್ರುಗಳಂತೂ ಸ್ವಂತ ಊರಿನಲ್ಲೇ, ಸ್ವಂತ ದಾಯಾದಿಗಳಲ್ಲೇ ಇದ್ದರು. ನಾನು ಅವತ್ತು ಮಾತಾಡಲಿಲ್ಲ. ನನಗೆ ಹೇಳಬೇಕಿದ್ದದ್ದು ಹಾರ ಹಾಕಿದ ಫೋಟೋದ ಮುಂದೆ ಹೇಳುವಂಥದ್ದಾಗಿರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಮುಂದೆ ಬರುವ ಒಬ್ಬ ತಾಯಿ, ಒಬ್ಬಳು ಮಗಳು, ಅವರ ಹೆಸರೂ ಇಲ್ಲ. ಯುದ್ಧ ನಡೆಯುತ್ತಿರುವ ದೇಶ ಯಾವುದು ಅಂತಲೂ ಹೇಳುವುದಿಲ್ಲ. ಊರು, ಕಟ್ಟಡಗಳ ಗುರುತನ್ನು ಬೇಕೆಂದೇ ಬದಲಿಸಿದ್ದೇನೆ. ಆ ಹುಡುಗಿ ಅಲ್ಲೇ ಓದು ಮುಗಿಸಬೇಕಾಗಿದೆ. ಕಾರಣ ಅಷ್ಟೇ.

ಮೇಷ್ಟ್ರು ನನಗೆ ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಹೇಳಿಕೊಟ್ಟವರು. ಅದಕ್ಕೂ ಮುಂಚೆ ಕೆಲವು ವರ್ಷ ಕರಿಕೋಟು ಹಾಕಿದ್ದರು. ಅಂತರರಾಷ್ಟ್ರೀಯ ಕಾನೂನಿನಲ್ಲಿ ಮೇಲಿನ ಪದವಿ ಮಾಡಿಕೊಂಡು ಬಂದು, ಅದನ್ನು ಕೇಳುವವರು ಈ ತಾಲ್ಲೂಕಿನಲ್ಲಿ ಯಾರೂ ಇಲ್ಲ ಅಂತ ಗೊತ್ತಾದ ಮೇಲೆ ಕಾಲೇಜು ಸೇರಿದರು. ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನಗರಗೆರೆ ಕಡೆಯ ನಮ್ಮ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿಯಬೇಕು; ಹಿಡಿಯುವ ಮುಂಚೆ ಹಾಲು ಕರೆದು ಡೇರಿಗೆ ಹಾಕಿರಬೇಕು. ಮೈಯಲ್ಲಿ ಕೊಟ್ಟಿಗೆ ವಾಸನೆ ಉಳಿದಿದೆಯೇನೋ ಅಂತ ಮೊದಲ ದಿನ ಕೊನೆಯ ಬೆಂಚಿನ ಮೂಲೆಯಲ್ಲಿ ಕೂತಿದ್ದೆ. ಮೇಷ್ಟ್ರು ಒಳಗೆ ಬಂದವರು ಹಾಜರಿ ಕೂಗುವುದಕ್ಕೂ ಮುಂಚೆ ನನ್ನ ಕಡೆ ನೋಡಿದರು.

“ಏನಮ್ಮಾ, ಅಲ್ಲೇನು ಗಡಿ ಕಾಯ್ತಿದೀಯಾ? ಮುಂದೆ ಬಾ. ಗಡೀಲಿ ಕೂತೋರು ಮೊದಲು ಸಾಯ್ತಾರೆ.”

ತರಗತಿ ಗೊಳ್ಳೆಂದಿತು. ನಾನು ಅವಮಾನದಿಂದ ಕೆಂಪಗಾಗಿ ಮುಂದಿನ ಬೆಂಚಿಗೆ ಹೋದೆ. ಮೂರು ವರ್ಷ ಅಲ್ಲಿಂದ ಏಳಲಿಲ್ಲ.

ಉದ್ದ ಮನುಷ್ಯ, ಬಲಭುಜ ಸ್ವಲ್ಪ ಇಳಿದಿತ್ತು. ಬೀಡಿ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಚಾಕ್‌ಪೀಸನ್ನು ಬೀಡಿಯ ಹಾಗೆಯೇ ಬೆರಳ ಸಂದಿಯಲ್ಲಿ ಹಿಡಿಯುತ್ತಿದ್ದರು. ಯೋಚನೆ ಬಂದಾಗ ಅದನ್ನು ತುಟಿಯ ತನಕ ತಂದು, ನೆನಪಾಗಿ, ಕೆಳಗಿಳಿಸುತ್ತಿದ್ದರು. ತುಟಿಯ ಮೇಲೆ ಬಿಳಿ ಪುಡಿ ಹಾಗೇ ಇರುತ್ತಿತ್ತು. ನಾನು ಎಲ್‌ಎಲ್‌.ಬಿ. ಮುಗಿಸಿ ಬಂದಾಗ ನಮ್ಮ ಹಳ್ಳಿಗೆ ಸ್ಕೂಟರಿನಲ್ಲಿ ಬಂದು, ನಮ್ಮಮ್ಮನಿಗೆ ತೆಲುಗಿನಲ್ಲಿ, “ಮೀ ಬಿಡ್ಡ ಇಂಕ ನೋರು ಮೂಯದಮ್ಮಾ” ಅಂದರು. ನಿಮ್ಮ ಮಗಳು ಇನ್ನು ಬಾಯಿ ಮುಚ್ಚುವುದಿಲ್ಲ ಅಂತ. ನಮ್ಮಮ್ಮ ನಕ್ಕು ನಕ್ಕು ಅತ್ತಳು. ಅವತ್ತಿನಿಂದ ನಾನು ಅವರಿಗೆ ‘ಗ್ರಾಜುಯೇಟಮ್ಮ’. ಕೋರ್ಟಿನ ಅಂಗಳದಲ್ಲಿ, ಜಡ್ಜು ಕಾರು ಇಳಿಯುತ್ತಿದ್ದರೂ ಕೂಗುವುದು ಹಾಗೇ.

ಯುದ್ಧಕ್ಕೂ ಕಾನೂನಿದೆ ಎಂದು ಅವರು ಮೊದಲ ಸಲ ಪಾಠ ಮಾಡಿದಾಗ ಹುಡುಗನೊಬ್ಬ ಎದ್ದು, “ಕೊಲ್ಲೋದಕ್ಕೆ ಎಂಥಾ ಕಾನೂನು ಸಾರ್?” ಅಂದ. ಮೇಷ್ಟ್ರು ಬಿಡಿಸಿ ಹೇಳಿದರು. ಆಯುಧ ಹಿಡಿಯದವರನ್ನು ಹೊಡೆಯಬಾರದು. ಆಸ್ಪತ್ರೆಯನ್ನು ಹೊಡೆಯಬಾರದು, ಆದರೆ ಅದರೊಳಗೆ ಕೂತು ಯುದ್ಧ ಮಾಡಿದರೆ ಆ ರಕ್ಷಣೆ ಹೋಗುತ್ತದೆ. ಗುರಿ ಜನರ ನಡುವೆ ಇದ್ದರೆ ಮೊದಲೇ ಎಚ್ಚರಿಕೆ ಕೊಡಬೇಕು.

“ಚೆನ್ನಾಗೇ ಇದೆಯಲ್ಲ ಸಾರ್,” ಅಂದೆ ನಾನು.

“ಚೆನ್ನಾಗಿದೆ. ನಮ್ಮ ಚಿಕ್ಕಪ್ಪನ ಬೇಲಿ ಕತೆ ಹೇಳ್ತೀನಿ, ಆಮೇಲೆ ಹೇಳು.”

ಚಿಕ್ಕಪ್ಪನದು ಮುಸುಕಿನ ಜೋಳದ ಹೊಲ. ಕಾಡುಹಂದಿ ಕಾಟ. ಬೇಲಿಗೆ ತಂತಿ ಸುತ್ತಿ ಕರೆಂಟು ಬಿಡುವುದು ಅಂತ ತೀರ್ಮಾನವಾಯಿತು. ಆದರೆ ಚಿಕ್ಕಪ್ಪ ಲೋಕ ಕಂಡವನು. ಮೊದಲು ಊರಲ್ಲಿ ತಮಟೆ ಬಾರಿಸಿ ಸಾರಿಸಿದ: ಇಂದಿನಿಂದ ಹೊಲದ ಬೇಲಿಗೆ ಕರೆಂಟು, ಯಾರೂ ಅತ್ತ ಸುಳಿಯಬೇಡಿ. ದೇವಸ್ಥಾನದ ಬೀದಿ, ಒಳಗೇರಿ, ಬಸ್‌ಸ್ಟ್ಯಾಂಡು, ಎಲ್ಲ ಕಡೆ ತಮಟೆ ಆಯಿತು. ಕೆರೆಯಂಗಳದಲ್ಲಿ ಡೇರೆ ಹಾಕಿಕೊಂಡಿದ್ದ, ಆಂಧ್ರದ ಕಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದ ಸಂಸಾರದ ಹತ್ತಿರ ಮಾತ್ರ ಆಗಲಿಲ್ಲ. ಆ ಕುರಿಗಾಹಿ ತಪ್ಪಿಸಿಕೊಂಡ ಮರಿಯ ಹಿಂದೆ ಹೋಗಿ ತಂತಿಗೆ ಸಿಕ್ಕಿ ಸತ್ತ.

ಪಂಚಾಯಿತಿ ಸೇರಿತು. ಚಿಕ್ಕಪ್ಪ ಒಂದೇ ಮಾತು ಹಿಡಿದ: “ದಂಡೋರಾ ಏಯಿಂಚ್ನಾ ಗದಾ.” ಮೊದಲೇ ಸಾರಿಸಿದ್ದೆನಲ್ಲ. ಊರೆಲ್ಲ ಹೌದು ಹೌದು, ನಾವು ಕೇಳಿದ್ದೆವು ಅಂತು. ಆಗ ಕಾಲೇಜಿಗೆ ಹೊಸದಾಗಿ ಸೇರಿದ್ದ ಮೇಷ್ಟ್ರು ತಮಟೆಯವನನ್ನು ಕೇಳಿದರಂತೆ, ಡೇರೆ ಹತ್ತಿರ ಬಾರಿಸಿದೆಯಾ ಅಂತ. ಆತ ಚಿಕ್ಕಪ್ಪನ ಮುಖ ನೋಡಿ, “ಅತ್ತ ಹೋಗು ಅಂತ ಯಾರೂ ಅನ್ನಲಿಲ್ಲ ಸಾಮಿ,” ಅಂದನಂತೆ. ಚಿಕ್ಕಪ್ಪ ಹೆಣ ಸಾಗಿಸಲು ಗಾಡಿ ಕೊಟ್ಟ. ಅಲ್ಲಿಗೆ ಮುಗಿಯಿತು. ಮೇಷ್ಟ್ರು ಆ ಮನೆಯಲ್ಲಿ ಮತ್ತೆ ಊಟ ಮಾಡಲಿಲ್ಲ.

“ತಮಟೆ ಬಾರಿಸಿದ್ದು ಜನರನ್ನ ಉಳಿಸೋಕಲ್ಲ ಮಕ್ಕಳಾ. ಚಿಕ್ಕಪ್ಪನ್ನ ಉಳಿಸೋಕೆ,” ಅಂದರು ಮೇಷ್ಟ್ರು. ಚಾಕ್‌ಪೀಸು ತುಟಿಯ ತನಕ ಹೋಗಿ ನಿಂತಿತ್ತು. “ಈಗ ಸೈನ್ಯಗಳೂ ಹಾಗೇ. ಬಾಂಬು ಎಲ್ಲಿ ಹಾಕೋದು ಅಂತ ಆರಿಸೋ ಕೋಣೇಲಿ ವಕೀಲ ಕೂತಿರ್ತಾನೆ. ಬೇಡ ಅನ್ನೋಕಲ್ಲ. ಹ್ಯಾಗೆ ಹಾಕಿದ್ರೆ ನಾಳೆ ಕೇಸು ನಿಲ್ಲಲ್ಲ ಅಂತ ಹೇಳೋಕೆ.”

“ಹಂಗಾರೆ ಅತ್ಲಾಗಿನೋರು ಒಳ್ಳೇರಾ ಸಾರ್?” ಅಂದ ಅದೇ ಹುಡುಗ.

“ಅಯ್ಯೋ, ಅವರೇನು ಸಾಚಾ ಅನ್ಕೊಂಡ್ಯಾ? ಕೋವಿ ತಗೊಂಡೋಗಿ ಆಸ್ಪತ್ರೆ ಕೆಳಗೆ ಇಡ್ತಾರೆ. ಹೊಡೆದ್ರೆ ನೋಡಿ ಕಾನೂನು ಮುರಿದ್ರು ಅಂತ ಕೂಗ್ತಾರೆ. ಹೊಡೀಲಿಲ್ಲ ಅಂದ್ರೆ ಕೋವಿ ಉಳೀತು. ಒಬ್ಬನಿಗೆ ಕಾನೂನು ಮಚ್ಚು, ಇನ್ನೊಬ್ಬನಿಗೆ ಗುರಾಣಿ. ಮಂಚದ ಮೇಲೆ ಮಲಗಿರ್ತಾನಲ್ಲ ಪೇಷೆಂಟು, ಅವನ ಕೈಯಲ್ಲಿ ಮಾತ್ರ ಏನೂ ಇಲ್ಲ.”

ಪರೀಕ್ಷೆಗೆ ಇದು ಬರುವುದಿಲ್ಲ ಅಂತ ನಮಗೆಲ್ಲ ಗೊತ್ತಿತ್ತು. ಆದರೂ ಅವತ್ತು ಯಾರೂ ಗಡಿಯಾರ ನೋಡಲಿಲ್ಲ.

ನಿವೃತ್ತಿಯಾದ ಮೇಲೆ ಅವರ ಠಾಣೆ ಆ ಹೋಟೆಲು. ಯುದ್ಧ ಎಲ್ಲೇ ಆಗಲಿ, ಹುಡುಗರು ಅವರನ್ನು ಕೆಣಕುತ್ತಿದ್ದರು. “ಸಾರ್, ನೀವು ಯಾವ ಕಡೆ ಹೇಳಿ, ಬೆಟ್ಟು ಕಟ್ಟಣ.” ಮೇಷ್ಟ್ರು ಕಾಫಿ ಸಾಸರಿಗೆ ಬಗ್ಗಿಸಿಕೊಳ್ಳುತ್ತಾ, “ಎರಡೂ ಕಡೆಗೂ ವಕೀಲರಿದಾರೆ ಬಿಡಯ್ಯ, ನಾನ್ಯಾಕೆ? ನೀನು ಮೊದಲು ನಿಮ್ಮಪ್ಪನ ಖಾತೆ ನಿನ್ನ ಹೆಸರಿಗೆ ಮಾಡಿಸ್ಕೋ,” ಅನ್ನುತ್ತಿದ್ದರು. ನಗು ಅವರ ಕಣ್ಣಿಗೆ ಹತ್ತುತ್ತಿರಲಿಲ್ಲ. ಟೀವಿಯ ಕಡೆ ಒಂದು ಕಿವಿ ಇದ್ದೇ ಇರುತ್ತಿತ್ತು, ಮಳೆಗಾಲದಲ್ಲಿ ಮನೆಯ ಹಳೇ ಗೋಡೆಯ ಕಡೆ ಇರುವ ಹಾಗೆ.

ಆ ತಾಯಿ ಅಲೀಪುರದವರು. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ; ಗಂಡ ಹರಳಿನ ವ್ಯಾಪಾರಕ್ಕೆ ಊರೂರು ತಿರುಗುವವರು. ನನಗೆ ಮನೆ ಪಾಲಿನ ಕೇಸಿನಲ್ಲಿ ಕಕ್ಷಿದಾರರು. ಮಗಳು ಹೊರದೇಶದಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಇಲ್ಲಿ ಸೀಟು ಕೊಳ್ಳುವ ಶಕ್ತಿ ಇಲ್ಲ, ಅಲ್ಲಿ ಕಡಿಮೆ. ಅವರ ಮನೆಯಲ್ಲೂ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಆ ಒಂದು ಕಾರಣಕ್ಕೆ ನಾನು ಆ ಹುಡುಗಿಯನ್ನು ನೋಡುವುದಕ್ಕೂ ಮುಂಚೆ ಅವಳ ಕಡೆಯವಳಾಗಿದ್ದೆ.

ಅಲ್ಲಿ ಯುದ್ಧ ಶುರುವಾದ ವಾರ ತಾಯಿ ನನ್ನ ಆಫೀಸಿಗೆ ಓಡಿ ಬಂದರು. ಮೊಬೈಲಿನಲ್ಲಿ ಒಂದು ನಕ್ಷೆ. ಮಗಳಿರುವ ಬಡಾವಣೆಗೆ ಕೆಂಪು ಬಣ್ಣ ಬಳಿದಿತ್ತು. ದಾಳಿ ಮಾಡುವ ಸೈನ್ಯ ಹಾಕಿದ್ದು: ಕೆಂಪು ಬಳಿದ ಜಾಗದಲ್ಲಿರುವವರು ನಿಮ್ಮ ಸುರಕ್ಷತೆಗಾಗಿ ಕೂಡಲೇ ತೆರವಾಗಿ.

“ವಕೀಲಮ್ಮಾ, ಇದನ್ನ ನಂಬೋದಾ ಬಿಡೋದಾ? ನೀವು ಓದಿದೋರು.”

ನಾನು ಓದಿದ್ದು ಪಾಲುಪಟ್ಟಿ, ಜಾಮೀನು. ಅವರನ್ನು ಕರೆದುಕೊಂಡು ಹೋಟೆಲಿಗೆ ಹೋದೆ. ಮೇಷ್ಟ್ರು ನಕ್ಷೆ ನೋಡಿದರು. ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು.

“ಮಗಳು ಈಗ ಎಲ್ಲಿದಾಳಮ್ಮ?”

“ಆಸ್ಪತ್ರೆಯಲ್ಲೇ ಮಾಸ್ಟರ್ ಸಾಬ್. ಕಾಲೇಜಿನ ಆಸ್ಪತ್ರೆ. ಹಾಸ್ಟೆಲಿಗಿಂತ ಅದೇ ಭದ್ರ ಅಂತ ಹೊರದೇಶದ ಮಕ್ಕಳೆಲ್ಲ ಅಲ್ಲಿದಾರೆ. ಛಾವಣಿ ಮೇಲೆ ದೊಡ್ಡ ಗುರುತು ಬರೆದಿದಾರಂತೆ. ಆಸ್ಪತ್ರೆ ಹೊಡೆಯೋ ಹಾಗಿಲ್ಲ ಅಲ್ವಾ? ಕಾನೂನು ಇದೆ ಅಲ್ವಾ?”

ಮೇಷ್ಟ್ರು ಆ ಹೆಂಗಸಿನ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ, “ನಿನ್ನೆ ಆ ವಕ್ತಾರ ಅದೇ ಆಸ್ಪತ್ರೆ ಹೆಸರು ತಗೊಂಡ. ನೆಲಮಾಳಿಗೇಲಿ ಶತ್ರುವಿನ ಠಾಣೆ ಇದೆ ಅಂದ. ಇವತ್ತು ನಕ್ಷೆ. ಫೈಲು ರೆಡಿ ಮಾಡ್ತಿದಾರೆ ಕಣೇ,” ಅಂದರು. ಆಮೇಲೆ ತಾಯಿಗೆ, “ಫೋನ್ ಹಾಕಿ ಕೊಡಿ.”

ಹುಡುಗಿಯ ಧ್ವನಿ ದೂರದಿಂದ ಬಂತು. ಅವಳಿಗೆ ಹೊರಡುವ ಮನಸ್ಸಿರಲಿಲ್ಲ. “ಇಲ್ಲಿ ಪೇಷೆಂಟ್ಸ್ ಇದಾರೆ ಸಾರ್. ನಾವು ಹೋದ್ರೆ ಡ್ರಿಪ್ ಬದಲಾಯಿಸೋರೂ ಇಲ್ಲ. ನಮ್ಮ ಪ್ರೊಫೆಸರ್ ಕೂಡ ಹೋಗ್ತಿಲ್ಲ.”

“ನೀನಿನ್ನೂ ಡಾಕ್ಟರ್ ಆಗಿಲ್ಲ, ವಿದ್ಯಾರ್ಥಿ! ಬಸ್ಸು ಸಿಗುತ್ತಾ? ಸಿಗುತ್ತೆ ಅಂದ್ರೆ ಹತ್ತು. ಎಲ್ಲರನ್ನೂ ಹತ್ತಿಸು. ಹೊರಡು ಅಂದ್ರೆ ಹೊರಡಬೇಕು!”

ಮೇಷ್ಟ್ರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ತರಗತಿಯಲ್ಲೂ ಕೇಳಿರಲಿಲ್ಲ. ಕ್ಯಾಷಿಯರ್ ಟೀವಿಯ ಶಬ್ದ ತಗ್ಗಿಸಿದ. ಅವತ್ತು ಮಧ್ಯಾಹ್ನವೇ ಹೊರದೇಶದ ಮಕ್ಕಳು ಒಂದು ಬಸ್ಸು ಮಾಡಿಕೊಂಡು ಹೊರಟರು. ಪಕ್ಕದ ದೇಶದ ಗಡಿ ದಾಟಿ, ವಿಮಾನ ಹತ್ತಿ, ಹುಡುಗಿ ಮನೆ ಸೇರಿದಳು.

ಮುಂದಿನ ಭಾನುವಾರ ತಾಯಿ ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. ಮೇಷ್ಟ್ರು ಅವತ್ತು ಇಸ್ತ್ರಿ ಸರಿಯಾಗಿದ್ದ ಅಂಗಿ ಹಾಕಿದ್ದರು. ಓಣಿಯ ಹೆಂಗಸರು ಬಾಗಿಲಿಗೆ ಬಂದು ಬಂದು ಸಲಾಂ ಹೇಳಿ ಹೋದರು. ಹುಡುಗಿ ತೆಳ್ಳಗಿದ್ದಳು, ಬಿರಿಯಾನಿ ಬಡಿಸುತ್ತಾ, “ಸಾರ್ ಬೈದಿದ್ದಕ್ಕೆ ಬಂದೆ. ಅಷ್ಟು ಬೈಗುಳ ನಮ್ಮ ಅಬ್ಬಾ ಕೂಡ ಬೈದಿಲ್ಲ,” ಅಂದಳು. “ಬೈಗುಳಕ್ಕೆ ಫೀಸು ಇಲ್ಲಮ್ಮ, ಇನ್ನೊಂದು ತುಂಡು ಹಾಕು,” ಅಂದರು ಮೇಷ್ಟ್ರು. ಎಲ್ಲರೂ ನಕ್ಕೆವು. ಟೀವಿ ತನ್ನ ಪಾಡಿಗೆ ಓಡುತ್ತಿತ್ತು.

ಅದರಲ್ಲಿ ಆ ಆಸ್ಪತ್ರೆ ಬಂತು. ಒಂದು ಭಾಗ ಕುಸಿದಿತ್ತು. ಆಮೇಲೆ ವಕ್ತಾರ ಬಂದ. ಕ್ಷೌರ ಮಾಡಿಕೊಂಡ, ಶಾಂತವಾದ ಮುಖ. ಕಾನೂನಿನ ಪ್ರಕಾರ ಮುನ್ನೆಚ್ಚರಿಕೆ ಕೊಟ್ಟಿದ್ದೆವು ಅಂದ. ನಾಗರಿಕರು ಮೊದಲೇ ತೆರವಾಗಿದ್ದರು, ಒಳಗೆ ಉಳಿದದ್ದು ಶತ್ರುಗಳು ಮಾತ್ರ ಅಂದ. ನಾಗರಿಕರು ತೆರವಾದದ್ದಕ್ಕೆ ನಮ್ಮಲ್ಲಿ ಪುರಾವೆ ಇದೆ ಅಂದ. ಪರದೆಯ ಮೇಲೆ ಆಕಾಶದಿಂದ ತೆಗೆದ ಚಿತ್ರ ಬಂತು: ಆಸ್ಪತ್ರೆಯ ಗೇಟಿನಿಂದ ಒಂದು ಬಿಳಿ ಬಸ್ಸು ಹೊರಗೆ ಬರುತ್ತಿತ್ತು.

“ಅಮ್ಮಿ,” ಅಂದಳು ಹುಡುಗಿ. “ಅದು ನಮ್ಮ ಬಸ್ಸು.”

ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟಳು.

“ಮೇಲೆ ಲಗೇಜು ಕಟ್ಟಿದೆಯಲ್ಲ. ಆ ಕೆಂಪು ಸೂಟ್‌ಕೇಸು ನಂದೇ.”

ಮೇಷ್ಟ್ರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. “ಒಳಗೆ ಯಾರ್ಯಾರು ಉಳಿದಿದ್ರು ಮಗಾ?” ಅಂದರು. ಹುಡುಗಿ ಹೇಳತೊಡಗಿದಳು. ಏಳಲಾಗದವರು ಇದ್ದರು. ಹೆರಿಗೆಯಾದವಳೊಬ್ಬಳು ಇದ್ದಳು. ಪ್ರೊಫೆಸರ್ ಇದ್ದರು. ತಾಯಿ ಎದ್ದು ಟೀವಿ ಆರಿಸಿದರು.

ನಮ್ಮ ಕಡೆಯ ಕೋರ್ಟುಗಳಲ್ಲಿ ಕೇವಿಯಟ್ ಅಂತ ಒಂದು ಅರ್ಜಿ ಇದೆ. ಎದುರು ಪಾರ್ಟಿ ನಮ್ಮ ಬೆನ್ನ ಹಿಂದೆ ಹೋಗಿ ತಡೆಯಾಜ್ಞೆ ತರಬಹುದು ಅನ್ನುವ ಅನುಮಾನ ಇದ್ದರೆ, ಅವನು ಹೋಗುವ ಮುಂಚೆಯೇ ನಾವು ಹೋಗಿ, ನಮ್ಮನ್ನು ಕೇಳದೆ ಏನೂ ಆದೇಶ ಮಾಡಬೇಡಿ, ನಾವೂ ಇದ್ದೇವೆ ಎಂದು ಹಾಕಿಡುವುದು. ಮೇಷ್ಟ್ರಿಗೆ ಇದು ಒಂದು ಹುಚ್ಚು. ಕಾಂಪೌಂಡು ಜಗಳಕ್ಕೆ, ಬೋರ್‌ವೆಲ್ ಜಗಳಕ್ಕೆ, ಅಣ್ಣತಮ್ಮಂದಿರು ಮಾತು ಬಿಟ್ಟ ಮಾರನೇ ದಿನಕ್ಕೇ, ಹೋಟೆಲಿಗೆ ಬಂದವರಿಗೆಲ್ಲ ‘ಮೊದಲು ಕೇವಿಯಟ್ ಹಾಕು’ ಅನ್ನುತ್ತಿದ್ದರು. ನನ್ನಂಥ ಎಷ್ಟೋ ಜೂನಿಯರ್‌ಗಳ ಹೊಟ್ಟೆ ಆ ಸಲಹೆಯಿಂದ ತುಂಬಿದೆ.

ಅಲೀಪುರದಿಂದ ವಾಪಸು ಬರುವಾಗ ಸ್ಕೂಟರು ನಿಲ್ಲಿಸಿ ಅವರು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತರು.

“ಬೇಲಿ ಜಗಳಕ್ಕೆಲ್ಲ ಕೇವಿಯಟ್ ಹಾಕಿಸಿದೋನು ನಾನು. ಅವತ್ತು ಆ ಹುಡುಗಿ ಹೊರಡೋ ಹೊತ್ತಲ್ಲಿ, ಒಳಗೆ ಯಾರಿದಾರೆ ಹೇಳು ಅಂತ ಕೇಳಲಿಲ್ಲ ಕಣೇ. ಹೆಸರು ಕೇಳಿಕೊಂಡು, ಇಂಥಿಂಥೋರು ಒಳಗೆ ಮಲಗಿದಾರೆ ಅಂತ ಜಗತ್ತಿಗೆಲ್ಲ ಮೊದಲೇ ಕೂಗಿಬಿಟ್ಟಿದ್ರೆ, ಖಾಲಿ ಇತ್ತು ಅಂತ ಅವನು ಹ್ಯಾಗೆ ಹೇಳ್ತಿದ್ದ?”

“ನೀವು ಹುಡುಗಿ ಪ್ರಾಣ ಉಳಿಸಿದ್ರಿ ಸಾರ್.”

“ಉಳಿಸಿದೆ. ಉಳಿಸಿ ಅವನ ಕೈಗೆ ಪುರಾವೆ ಕೊಟ್ಟೆ.”

ಈಗಲಾದರೂ ಅವಳ ಹೇಳಿಕೆ ಬರೆಸೋಣ, ಪ್ರಮಾಣ ಮಾಡಿಸೋಣ ಅಂತ ಮರುದಿನ ಅವರೇ ನನ್ನನ್ನು ಮತ್ತೆ ಅಲೀಪುರಕ್ಕೆ ಕರೆದುಕೊಂಡು ಹೋದರು. ತಾಯಿ ಒಪ್ಪಲಿಲ್ಲ. ಹೊಲಿಗೆ ಮಿಷಿನ್ನಿನ ಮುಂದಿನಿಂದ ಏಳದೆಯೇ ಹೇಳಿದರು:

“ಅವಳಿಗೆ ಇನ್ನೊಂದೇ ವರ್ಷ ಇದೆ ಮಾಸ್ಟರ್ ಸಾಬ್. ಪರ ಮಾತಾಡಿದ್ರೂ, ವಿರೋಧ ಮಾತಾಡಿದ್ರೂ ನಾಳೆ ವೀಸಾ ಕೊಡಲ್ಲ. ನನ್ನ ಮಗಳನ್ನ ವಾಪಸು ಕರೆಸಿದ್ರಿ, ಅಲ್ಲಾಹ್ ನಿಮ್ಮನ್ನ ಚೆನ್ನಾಗಿಟ್ಟಿರಲಿ. ಅವಳ ಓದು ನಿಲ್ಲಿಸ್ಬೇಡಿ.”

ನಾನು ತಾಯಿಯ ಪರವಾಗಿಯೇ ಮಾತಾಡಿದೆ. ಒಂದು ಡಿಗ್ರಿ ಅಂದರೆ ಏನು ಅಂತ ನನಗೆ ಗೊತ್ತು. ಮೇಷ್ಟ್ರು ತಲೆಯಾಡಿಸಿ, “ಸರಿಯಮ್ಮ. ಸತ್ತ ಮೇಲೆ ಹಾಕೋ ಅರ್ಜಿ, ಅದಕ್ಕೇನು ಬೆಲೆ,” ಅಂತ ಎದ್ದರು. ಹುಡುಗಿ ಬಾಗಿಲ ತನಕ ಬಂದಳು.

ಆಮೇಲೆ ಅವರು ಹೋಟೆಲಿನಲ್ಲಿ ಟೀವಿಗೆ ಬೆನ್ನು ಹಾಕಿ ಕೂರತೊಡಗಿದರು. ಕೇವಿಯಟ್ ಅನ್ನುವ ಮಾತು ನಿಂತಿತು. ಹುಡುಗರು ಯಾವ ಕಡೆ ಸಾರ್ ಅಂದರೆ, “ಗೊತ್ತಿಲ್ಲ ಕಣಪ್ಪ” ಅನ್ನುತ್ತಿದ್ದರು. ಒಂದು ದಿನ ಎದೆನೋವು ಅಂದರು. ಚಿಕ್ಕಬಳ್ಳಾಪುರಕ್ಕೆ ಸಾಗಿಸುವಾಗ ದಾರಿಯಲ್ಲೇ ಹೋದರು. ಅಲೀಪುರದಿಂದ ತಾಯಿ, ಮಗಳು ಇಬ್ಬರೂ ಬಂದು ದೂರದಲ್ಲಿ ನಿಂತು ಮುಖ ನೋಡಿ ಹೋದರು.

ಅಲ್ಲಿ ಯುದ್ಧ ನಿಂತಿತು ಅಂದರು. ಆಸ್ಪತ್ರೆಯ ಉಳಿದ ಭಾಗದಲ್ಲಿ ಕಾಲೇಜು ತೆರೆಯಿತು. ಹುಡುಗಿ ಹೊರಟಳು. ಕೊನೆಯ ವರ್ಷ.

ಕಳೆದ ವಾರ ತಾಯಿ ಮತ್ತೆ ನನ್ನ ಆಫೀಸಿಗೆ ಬಂದರು. ಈ ಸಲ ಓಡಿ ಬರಲಿಲ್ಲ, ನಡೆದು ಬಂದರು. ಮೊಬೈಲು ಮೇಜಿನ ಮೇಲಿಟ್ಟರು. ನಕ್ಷೆ. ಕೆಂಪು. ಹಿಂದಿನ ದಿನವೇ ಆ ವಕ್ತಾರ ಟೀವಿಗೆ ಬಂದು ಆಸ್ಪತ್ರೆಯ ಹೆಸರು ಹೇಳಿದ್ದನ್ನು ನಾನೂ ಕೇಳಿದ್ದೆ. ಮೇಷ್ಟ್ರಿಲ್ಲ. ತಾಯಿ ನನ್ನನ್ನೇ ನೋಡುತ್ತಿದ್ದರು. ನಾನು ಫೋನ್ ಮಾಡಿದೆ.

“ಹೊರಡಮ್ಮ,” ಅಂದೆ.

“ಬಸ್ಸು ನಿಂತಿದೆ ಮೇಡಂ. ಎಲ್ಲರೂ ಹತ್ತಿದಾರೆ.” ಸ್ವಲ್ಪ ತಡೆದು, “ನಾವು ಈ ಗೇಟು ದಾಟಿದ್ರೆ ಮತ್ತೆ ಫೋಟೋ ತೆಗೀತಾರೆ ಅಲ್ವಾ?” ಅಂದಳು.

“ತೆಗೀತಾರೆ. ಅದಕ್ಕೇ ಕೇಳ್ತಿದೀನಿ. ಒಳಗೆ ಯಾರ್ಯಾರು ಉಳೀತಾರೆ? ಒಬ್ಬೊಬ್ಬರ ಹೆಸರೂ ಹೇಳು. ನಿನ್ನ ಹೆಸರು ಎಲ್ಲೂ ಬರಲ್ಲ. ಸಾರ್ ಅವತ್ತು ಊಟಕ್ಕೆ ಕೂತಾಗ ಕೇಳಿದ್ದು ನೆನಪಿದೆಯಲ್ಲ?”

ತಾಯಿ ಬೇಡ ಅನ್ನುತ್ತಾರೇನೋ ಅಂತ ತಲೆಯೆತ್ತಿ ನೋಡಿದೆ. ಅವರು ಸೆರಗಿನಲ್ಲಿ ಬಾಯಿ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಬೇಡ ಅನ್ನಲಿಲ್ಲ.

ಹುಡುಗಿ ಹೇಳಿದಳು. ವಾರ್ಡು ವಾರ್ಡಾಗಿ. ಹೆಸರು, ವಯಸ್ಸು, ಏನು ಕಾಯಿಲೆ. ಡಯಾಲಿಸಿಸ್‌ನವರು. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿರುವ ಒಬ್ಬ ಮೇಸ್ತ್ರಿ. ಹೋಗಲು ಬೇರೆ ಮನೆಯೇ ಇಲ್ಲದ, ಇವರಿಗೆಲ್ಲ ರೊಟ್ಟಿ ಬೇಯಿಸಿ ಹಾಕುತ್ತಿದ್ದ ಮುದುಕಿ. ನಾನು ಟೈಪು ಮಾಡುತ್ತಾ ಹೋದೆ. ಬಸ್ಸಿನ ಹಾರನ್ನು ಕೇಳುತ್ತಿತ್ತು. ಕೊನೆಗೆ, ವಕೀಲಳಾದವಳು ಕೇಳಲೇಬೇಕಾದ್ದನ್ನು ಕೇಳಿದೆ.

“ನೆಲಮಾಳಿಗೇಲಿ?”

ಹುಡುಗಿ ಧ್ವನಿ ತಗ್ಗಿಸಿದಳು.

“ಅಲ್ಲಿಗೆ ನಮ್ಮನ್ನ ಬಿಡಲ್ಲ ಮೇಡಂ. ಬಾಗಿಲಲ್ಲಿ ಯಾರೋ ನಿಂತಿರ್ತಾರೆ. ಡಾಕ್ಟರ್ ಅಲ್ಲ.” ಆಮೇಲೆ, “ಅದನ್ನೂ ಬರೀತೀರಾ?”

“ನೀನು ಬಸ್ಸು ಹತ್ತು,” ಅಂದೆ.

ಅವಳು ಹತ್ತಿದಳು. ಈಗ ಗಡಿಯ ಹತ್ತಿರದ ಒಂದು ಊರಿನಲ್ಲಿದ್ದಾಳೆ, ತಾಯಿಗೆ ದಿನವೂ ಮೆಸೇಜು ಬರುತ್ತದೆ. ನಾನು ಆ ಮಧ್ಯಾಹ್ನ ಎರಡು ಕೇಸು ಮುಂದಕ್ಕೆ ಹಾಕಿಸಿಕೊಂಡು ಆಫೀಸಿನಲ್ಲೇ ಕೂತೆ. ಹೆಸರುಗಳೆಲ್ಲ ಕಂಪ್ಯೂಟರಿನ ಪರದೆಯ ಮೇಲಿದ್ದವು. ಕಳಿಸಬೇಕಾದ ವಿಳಾಸಗಳೂ ಇದ್ದವು: ಎರಡೂ ಕಡೆಯ ಸರ್ಕಾರದವು, ಯುದ್ಧದ ಕಾನೂನು ನೋಡಿಕೊಳ್ಳುವ ಸಂಸ್ಥೆಗಳವು, ಪತ್ರಿಕೆಗಳವು. ನೆಲಮಾಳಿಗೆಯ ಬಾಗಿಲಲ್ಲಿ ನಿಂತವರ ಬಗ್ಗೆ ಒಂದು ವಾಕ್ಯ ಬರೆದರೆ, ಅದು ನಿಜ. ಬರೆದ ಗಳಿಗೆಯಲ್ಲೇ ಆ ಮುದುಕಿ, ಆ ಮೇಸ್ತ್ರಿ ಎಲ್ಲ ಆ ಒಂದು ವಾಕ್ಯದ ಕೆಳಗೆ ಹೂತುಹೋಗುತ್ತಾರೆ. ನೋಡಿ, ಅವರ ಕಡೆಯ ವಕೀಲಳೇ ಒಪ್ಪಿದ್ದಾಳೆ ಅನ್ನುತ್ತಾನೆ ವಕ್ತಾರ. ಬರೆಯದಿದ್ದರೆ ಬಾಗಿಲಲ್ಲಿ ನಿಂತವನಿಗೆ ನಾನೂ ಒಂದು ಗುರಾಣಿ ಹೊಲಿದುಕೊಟ್ಟ ಹಾಗೆ. ಮೇಷ್ಟ್ರು ಇದ್ದಿದ್ದರೆ ಏನನ್ನುತ್ತಿದ್ದರು? ಅವರ ಧ್ವನಿಯನ್ನು ಕಿವಿಗೆ ತಂದುಕೊಳ್ಳಲು ನೋಡಿದೆ. ಬರಲಿಲ್ಲ.

ನಾನು ಬರೆಯಲಿಲ್ಲ. ಹೆಸರುಗಳನ್ನಷ್ಟೇ ಕಳಿಸಿದೆ. ಆ ಕಟ್ಟಡ ಈ ಹೊತ್ತಿನ ತನಕ ನಿಂತಿದೆ.

ಕಳಿಸುವ ಮುಂಚೆ ಒಂದೊಂದು ಪದವನ್ನೂ ತೂಗಿ, ನಾಳೆ ಯಾರೂ ಬೆರಳು ಇಡದ ಹಾಗೆ ಸರಿಮಾಡಿದ್ದೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಬಾಂಬಿನ ಗುರಿ ಆರಿಸುವ ಆ ಕೋಣೆಯಲ್ಲಿ ಕೂತು ವಕ್ತಾರನಿಗೆ ಪದ ಆರಿಸಿಕೊಡುವವನಿಗೂ ಹೀಗೇ ಚೆನ್ನಾಗಿ ಬರುತ್ತಿರಬೇಕು. ಅವನೂ ಹಾಲು ಕರೆದಿಟ್ಟು, ಬಸ್ಸು ಹಿಡಿದು ಕಾನೂನು ಓದಿದವನೇ ಇರಬಹುದು.